ಓಟು ಹಾಕದ ಸದಸ್ಯ

“ಬಂದ್ರಾ? ಬೇಗ ಬನ್ನಿ, ಇಲ್ಲಿ ಒತ್ತಿ ಹಿಡ್ಕೊಳ್ಳಿ. ಇಲ್ಲಾಂದ್ರೆ ಇತಿಹಾಸ ಪೂರ್ತಿ ನೆನೆದುಹೋಗುತ್ತೆ!”

ಏಣಿಯ ಮೇಲಿದ್ದ ವಿಹ್ರಾ ತಿರುಗಿಯೂ ನೋಡದೆ ಕೂಗಿದಳು. ಕೋಣೆ ಬೆಚ್ಚಗಿಡಲು ಗೋಡೆಗುಂಟ ಹಾಕಿದ್ದ ಬಿಸಿನೀರಿನ ಕೊಳವೆ ಬಿರುಕು ಬಿಟ್ಟು ಚಿಮ್ಮುತ್ತಿತ್ತು. ಅವಳು ಇತಿಹಾಸದ ಪುಸ್ತಕಗಳನ್ನು ಎದೆಗವಚಿಕೊಂಡು ಕಪಾಟಿನಿಂದ ಇಳಿಸುತ್ತಿದ್ದಳು.

ಬಾಗಿಲಲ್ಲಿ ನಿಂತಿದ್ದವನು ತನ್ನ ಹಿಂದೆ ಇನ್ಯಾರಾದರೂ ಇದ್ದಾರೆಯೇ ಎಂದು ನೋಡಿದ. ಯಾರೂ ಇರಲಿಲ್ಲ. ಕೋಟು ಬಿಚ್ಚಿ, ತೋಳು ಮಡಚಿ, ಅವಳು ಎಸೆದ ಟವೆಲನ್ನು ಕೊಳವೆಗೆ ಸುತ್ತಿ ಹಿಡಿದುಕೊಂಡ.

“ಎಷ್ಟು ಹೊತ್ತು ಹಿಡ್ಕೋಬೇಕು?”

“ಅದನ್ನ ನೀವು ಹೇಳ್ಬೇಕು. ಪ್ಲಂಬರ್ ನೀವಲ್ವಾ?”

“ಅಲ್ಲ. ನಾನು ದನದ ಡಾಕ್ಟರು.”

ವಿಹ್ರಾ ಆಗ ತಿರುಗಿ ನೋಡಿದಳು. ಎತ್ತರದ ಆಳು. ಹುಬ್ಬಿನ ಮೇಲೆ ನೀರು ತೊಟ್ಟಿಕ್ಕುತ್ತಿದೆ, ಅದನ್ನು ಒರೆಸಿಕೊಳ್ಳಲು ಕೈ ಖಾಲಿಯಿಲ್ಲ. ಆದರೂ ನಗುತ್ತಿದ್ದಾನೆ.

“ಅಯ್ಯೋ! ಮೊದ್ಲೇ ಹೇಳಬಾರದಿತ್ತಾ?”

“ಇತಿಹಾಸ ನೆನೆಯುತ್ತೆ ಅಂದ್ರಲ್ಲ. ಪರಿಚಯ ಆಮೇಲೆ ಮಾಡ್ಕೊಳ್ಳೋಣ ಅಂದ್ಕೊಂಡೆ.”

ಅವನ ಹೆಸರು ಯಾಸೆನ್. ಊರಿಗೆ ಹೊಸಬ. ಹಿಂದಿನ ವಾರವಷ್ಟೇ, ವಿಹ್ರಾ ಜ್ವರದಿಂದ ಮಲಗಿದ್ದಾಗ, ಓದುಮನೆಯ ಸದಸ್ಯರೆಲ್ಲ ಸೇರಿ ಅವನನ್ನು ಆಡಳಿತ ಮಂಡಳಿಗೆ ಆರಿಸಿದ್ದರು. ಹರಿದ ಪುಸ್ತಕಗಳನ್ನು ತೆಗೆದುಹಾಕಬೇಕಾದರೆ ಮಂಡಳಿಯ ಒಬ್ಬರು ನೋಡಿ ಒಪ್ಪಬೇಕೆಂಬ ನಿಯಮವಿತ್ತು. ಅವನು ಬಂದದ್ದು ಅದಕ್ಕೆ.

ಡ್ಯಾನ್ಯೂಬ್ ನದಿಯ ದಡದ ದೋಲ್ನಾ ವರ್ಬಾ ಎಂಬ ಆ ಊರಿನಲ್ಲಿ ಓದುಮನೆ ಸರ್ಕಾರದ್ದಲ್ಲ, ಊರಿನದು. ಮುತ್ತಜ್ಜಂದಿರು ಕಲ್ಲು ಹೊತ್ತು ಕಟ್ಟಿದ್ದು. ಕೆಳಗೆ ನೃತ್ಯದ ಹಾಲು ಮತ್ತು ವೇದಿಕೆ, ಮೇಲೆ ಲೈಬ್ರರಿ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಪಿಂಚಣಿಯ ಮುದುಕರು ಪೇಪರಿಗಾಗಿ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಮಧ್ಯಾಹ್ನ ಮಕ್ಕಳು. ಸಂಜೆ ಇಟಲಿಯಲ್ಲಿರುವ ಮಗಳ ಜೊತೆ ವಿಡಿಯೋದಲ್ಲಿ ಮಾತಾಡಲು ಕಂಪ್ಯೂಟರ್ ಕೇಳುವ ತಾಯಂದಿರು. ಇಷ್ಟನ್ನೂ ವಿಹ್ರಾ ಒಬ್ಬಳೇ ನಡೆಸುತ್ತಿದ್ದಳು.

ಹಳೆಯ ಪುಸ್ತಕಗಳನ್ನು ನೋಡುವ ಕೆಲಸ ಒಂದೇ ದಿನಕ್ಕೆ ಮುಗಿಯಬಹುದಿತ್ತು. ಯಾಸೆನ್ ಮುಗಿಯಲು ಬಿಡಲಿಲ್ಲ.

“ಇದನ್ನ ಎಸೀಬಹುದಾ?” ಎಂದು ಅವಳು ಕೇಳುವಳು.

ಅವನು ಪುಸ್ತಕವನ್ನು ತಿರುಗಿಸಿ, ಬೆನ್ನು ತಟ್ಟಿ, ಕಾಯಿಲೆ ಬಿದ್ದ ಕರುವನ್ನು ನೋಡುವ ಹಾಗೆ ನೋಡುವನು. “ಇನ್ನೂ ಉಸಿರಾಡ್ತಿದೆ. ನಾಳೆ ಬಂದು ಇನ್ನೊಂದ್ಸಲ ನೋಡ್ತೀನಿ.”

“ಡಾಕ್ಟ್ರೇ, ಅದು ಟ್ರಾಕ್ಟರ್ ರಿಪೇರಿ ಪುಸ್ತಕ. ಆ ಟ್ರಾಕ್ಟರೇ ಈಗ ಊರಲ್ಲಿಲ್ಲ.”

“ಹಾಗಾದ್ರೆ ಅದರ ನೆನಪಿಗಾದ್ರೂ ಇರಲಿ.”

ಅವನು ಹೋದ ಮೇಲೆ ವಿಹ್ರಾ ಪುಸ್ತಕವನ್ನು ಕಪಾಟಿಗೆ ಸೇರಿಸುತ್ತ ಒಬ್ಬಳೇ ನಗುತ್ತಿದ್ದಳು. ಮೂವತ್ತಾರು ದಾಟಿದ ಮೇಲೆ ಹೀಗೆ ಕಾರಣವಿಲ್ಲದೆ ನಗುವುದು ಅವಳಿಗೇ ಹೊಸದು.

ಗುರುವಾರವೆಂದರೆ, ಮನೆ ಬಿಟ್ಟು ಹೊರಬರಲಾಗದ ಓದುಗರಿಗೆ ಅವಳೇ ಪುಸ್ತಕ ಒಯ್ದು ಕೊಡುವ ದಿನ. ಇಷ್ಟು ವರ್ಷ ಸೈಕಲ್ಲಿನಲ್ಲಿ ಹೋಗುತ್ತಿದ್ದಳು. ಈಗ ಯಾಸೆನ್‌ನ ವ್ಯಾನು ಅದೇ ದಿನ, ಅದೇ ಬೀದಿಗಳಲ್ಲಿ, ಯಾವುದೋ ಕುರಿಯನ್ನು ನೋಡುವ ನೆಪದಲ್ಲಿ ಹೊರಡತೊಡಗಿತು. ಔಷಧದ ಪೆಟ್ಟಿಗೆಯ ಪಕ್ಕದಲ್ಲಿ ಪುಸ್ತಕದ ಚೀಲ. ವ್ಯಾನಿನೊಳಗೆಲ್ಲ ಹುಲ್ಲಿನ ವಾಸನೆ.

ನದಿಯಂಚಿನ ತೋತಾ ಅಜ್ಜಿಗೆ ಪತ್ತೇದಾರಿ ಕಾದಂಬರಿಯೇ ಆಗಬೇಕು. ಕೊಲೆ ಮೊದಲ ಪುಟದಲ್ಲೇ ಆಗಬೇಕು. ಅಕ್ಷರ ದಪ್ಪಗಿರಬೇಕು.

ಅಜ್ಜಿ ಪುಸ್ತಕ ಈಸಿಕೊಂಡು ಯಾಸೆನ್‌ನ ಕಡೆ ಕಣ್ಣು ಕಿರಿದು ಮಾಡಿ ನೋಡಿದಳು. “ಏನಪ್ಪಾ, ನನ್ನ ಮೇಕೆ ಸತ್ತು ವರ್ಷ ಎರಡಾಯ್ತು. ಈಗ ಯಾರ ನಾಡಿ ನೋಡೋಕೆ ಬಂದೆ?”

“ನಿನ್ನದೇ ಅಜ್ಜಿ.”

“ನನ್ನ ನಾಡಿ ಈ ಕಡೆ ಇದೆ. ನೀನು ಆ ಕಡೆ ನೋಡ್ತಿದೀಯ.”

ವಿಹ್ರಾಳ ಕಿವಿ ಬಿಸಿಯಾಯಿತು. ಇಬ್ಬರೂ ವ್ಯಾನಿಗೆ ಮರಳಿದರು. ಅವನು ಬಾಗಿಲು ತೆರೆದು ಹಿಡಿದ. ಅವಳು ಹತ್ತುವಾಗ ಅವನ ತೋಳಿಗೆ ಅವಳ ತೋಳು ತಾಗಿತು. ಸರಿಯಲು ಜಾಗವಿತ್ತು, ಇಬ್ಬರೂ ಸರಿಯಲಿಲ್ಲ.

ಅಷ್ಟರಲ್ಲಿ ಹಲ್ಲಿನ ಡಾಕ್ಟರ ಸುದ್ದಿ ಬಂತು.

ಊರಿಗೆ ದಂತವೈದ್ಯರಿಲ್ಲದೆ ಬಹಳ ಕಾಲವಾಗಿತ್ತು. ಹಲ್ಲು ನೋವೆಂದರೆ ವಿದಿನ್ ಪಟ್ಟಣದವರೆಗೆ ಬಸ್ಸಿನಲ್ಲಿ ಕೆನ್ನೆ ಹಿಡಿದುಕೊಂಡು ಕೂರಬೇಕು. ಈಗ ಒಬ್ಬ ಡಾಕ್ಟರು ಬರಲು ಒಪ್ಪಿದ್ದರು. ನೀರಿನ ಸೌಕರ್ಯವಿರುವ ಬೆಚ್ಚಗಿನ ಕೋಣೆ ಕೊಟ್ಟರೆ ಮಾತ್ರ. ಓದುಮನೆಯ ಅಧ್ಯಕ್ಷ ಗ್ರೋಝ್ದಾನ್ ಬಂದರಿನಲ್ಲಿ ದುಡಿದು ನಿವೃತ್ತನಾದವನು. ಅವನಿಗೆ ಸ್ವತಃ ದವಡೆ ಹಲ್ಲಿನ ನೋವು. ಲೈಬ್ರರಿಯ ವಾಚನಾಲಯವನ್ನು ಕ್ಲಿನಿಕ್ಕಿಗೆ ಬಿಟ್ಟುಕೊಟ್ಟು, ಪುಸ್ತಕಗಳನ್ನು ಶಾಲೆಯ ಕಾರಿಡಾರಿಗೆ ಸಾಗಿಸಿ, ವಾರಕ್ಕೆರಡು ಸಂಜೆ ಮಾತ್ರ ತೆರೆಯುವುದೆಂದು ಅವನು ಮಂಡಳಿಯ ಮುಂದೆ ಪ್ರಸ್ತಾವ ಇಟ್ಟ. ಓಟು ಮುಂದಿನ ಸಭೆಯಲ್ಲಿ.

“ಗ್ರೋಝ್ದಾನ್ ಮಾಮ, ಆ ಮುದುಕರೆಲ್ಲ ಎಲ್ಲಿ ಕೂರ್ತಾರೆ? ಕಾರಿಡಾರಲ್ಲಾ?” ವಿಹ್ರಾ ಕೇಳಿದಳು.

“ಮಗೂ, ಹಲ್ಲು ನೋಯೋವಾಗ ಪೇಪರ್ ಓದೋಕಾಗುತ್ತಾ?” ಅವನು ಕೆನ್ನೆಗೆ ಕರವಸ್ತ್ರ ಒತ್ತಿಕೊಂಡೇ ಹೇಳಿದ. ಅವನು ಕೆಟ್ಟವನಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು.

ಮಂಡಳಿಯಲ್ಲಿ ಐದು ಜನ. ಅಧ್ಯಕ್ಷ ಮತ್ತು ಬೇಕರಿಯ ಯಜಮಾನ ಕ್ಲಿನಿಕ್ಕಿನ ಕಡೆ. ಶಾಲೆಯ ಮುಖ್ಯೋಪಾಧ್ಯಾಯಿನಿ ಲೈಬ್ರರಿಯ ಕಡೆ. ನೃತ್ಯ ತಂಡದ ಗಿನ್ಕಾ ಚಿಕ್ಕಮ್ಮನದು ಒಂದೇ ಮಾತು: “ಕೆಳಗಿನ ನನ್ನ ಉಡುಪಿನ ಕೋಣೆ ಮುಟ್ಟಬೇಡಿ. ಲೈಬ್ರರಿಯೂ ಇರಲಿ.” ಅಲ್ಲಿಗೆ ಎರಡು, ಎರಡು. ಸಮವಾದರೆ ಅಧ್ಯಕ್ಷನ ಮಾತೇ ನಡೆಯುತ್ತದೆ. ಉಳಿದದ್ದು ಯಾಸೆನ್‌ನ ಓಟು.

ವಿಹ್ರಾ ನೆಮ್ಮದಿಯಾಗಿರಬೇಕಿತ್ತು. ಆದರೆ ಪ್ರಸ್ತಾವ ಬಂದ ದಿನದಿಂದ ಯಾಸೆನ್ ಲೈಬ್ರರಿಗೆ ಬರುವುದನ್ನೇ ನಿಲ್ಲಿಸಿದ. ಗುರುವಾರ ವ್ಯಾನು ಕಾಣಲಿಲ್ಲ. ಅವಳು ಮತ್ತೆ ಸೈಕಲ್ ತೆಗೆದಳು. ಎದುರುಗಾಳಿಯಲ್ಲಿ ಪೆಡಲ್ ತುಳಿಯುತ್ತ, ಕಣ್ಣಲ್ಲಿ ನೀರು ಬಂದದ್ದು ಗಾಳಿಗೇ ಎಂದುಕೊಂಡಳು.

ಸಂತೆಯಲ್ಲಿ ಸಿಕ್ಕಿದ. ಕುಂಬಳಕಾಯಿಯ ರಾಶಿಯ ಆಚೆ ಅವನು, ಈಚೆ ಅವಳು.

“ಡಾಕ್ಟ್ರೇ, ನನ್ನ ಕಂಡ್ರೆ ಓಡ್ತೀರಲ್ಲ. ನಾನೇನು ಕಚ್ಚೋ ನಾಯಿನಾ?”

ಅವನು ಅವಳ ಮುಖ ನೋಡಿದ. ಹಿಂದಿನ ಹಾಗೆಯೇ ನೋಡಿದ, ಆಮೇಲೆ ನೋಟ ಕೆಳಗಿಳಿಸಿದ. “ಸಭೆ ಮುಗಿಯೋ ತನಕ ನನ್ನ ಏನೂ ಕೇಳ್ಬೇಡಿ, ವಿಹ್ರಾ. ದಯವಿಟ್ಟು.”

“ಅಂದ್ರೆ ನಿಮ್ಮ ಓಟು ಆ ಕಡೆ.”

“ನಾನು ಹಾಗಂದ್ನಾ?”

“ಅನ್ನಬೇಕಾಗಿಲ್ಲ. ಗೊತ್ತಾಯ್ತು.” ಕುಂಬಳಕಾಯಿ ಕೊಳ್ಳದೆಯೇ ಅವಳು ತಿರುಗಿ ನಡೆದಳು.

ಸಭೆ ನಡೆದದ್ದು ಭಾನುವಾರ ಮಧ್ಯಾಹ್ನ, ಕೆಳಗಿನ ಹಾಲಿನಲ್ಲಿ. ಸದಸ್ಯರು ಯಾರು ಬೇಕಾದರೂ ಬಂದು ಕೂರಬಹುದಾದ್ದರಿಂದ ಕುರ್ಚಿಗಳೆಲ್ಲ ತುಂಬಿದ್ದವು. ಪೇಪರಿನ ಮುದುಕರು ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದಿದ್ದರು. ತೋತಾ ಅಜ್ಜಿಯನ್ನು ಯಾರೋ ಕುರ್ಚಿಯ ಸಮೇತ ಹೊತ್ತು ತಂದಿದ್ದರು. ವಿಹ್ರಾ ಕಿಟಕಿಯ ಪಕ್ಕ ಕೂತು ತನ್ನ ಬೆರಳುಗಳನ್ನೇ ನೋಡುತ್ತಿದ್ದಳು.

ಎರಡೂ ಕಡೆಯ ಮಾತು ಮುಗಿಯಿತು. ಗ್ರೋಝ್ದಾನ್ ಮೇಜು ತಟ್ಟಿದ. “ಸರಿ, ಓಟಿಗೆ ಹೋಗೋಣ.”

ಯಾಸೆನ್ ಎದ್ದು ನಿಂತ. “ಅಧ್ಯಕ್ಷರೇ, ನಾನು ಓಟು ಹಾಕೋ ಹಾಗಿಲ್ಲ.”

“ಯಾಕಪ್ಪಾ?”

“ಸ್ವಂತ ಹಿತಾಸಕ್ತಿ ಇರೋ ವಿಷಯದಲ್ಲಿ ಮಂಡಳಿಯವರು ಓಟು ಹಾಕಬಾರದು, ಅದನ್ನ ಸಭೆಗೆ ಹೇಳಿ ಹಿಂದೆ ಸರೀಬೇಕು ಅಂತ ನಮ್ಮ ನಿಯಮ ಇದೆ.”

ಬೇಕರಿಯವನಿಗೆ ಕುತೂಹಲ. “ಏನು ಹಿತಾಸಕ್ತಿ? ಆ ಹಲ್ಲಿನ ಡಾಕ್ಟ್ರು ನಿಮ್ಮ ಸಂಬಂಧಿನಾ?”

“ಅಲ್ಲ,” ಎಂದ ಯಾಸೆನ್. “ನನ್ನ ಹಿತಾಸಕ್ತಿ ಅಲ್ಲಿ ಕಿಟಕಿ ಪಕ್ಕ ಕೂತಿದ್ದಾರೆ. ಅವರು ನನ್ನನ್ನ ಒಪ್ತಾರೋ ಇಲ್ವೋ ಗೊತ್ತಿಲ್ಲ. ನಾನಂತೂ ಅವರನ್ನ ಪ್ರೀತಿಸ್ತೀನಿ. ಅವರ ಕೆಲಸದ ಬಗ್ಗೆ ನಾನು ನ್ಯಾಯವಾಗಿ ಓಟು ಹಾಕ್ತೀನಿ ಅಂತ ಎದೆ ಮುಟ್ಟಿ ಹೇಳೋಕಾಗಲ್ಲ.”

ಸಭೆಗೆ ಸಭೆಯೇ ತಿರುಗಿ ಕಿಟಕಿಯ ಕಡೆ ನೋಡಿತು.

“ನಾನು ಆವತ್ತೇ ಹೇಳಿದ್ನಲ್ಲ!” ಎಂದಳು ತೋತಾ ಅಜ್ಜಿ, ಯಾರಿಗೆಂದಿಲ್ಲದೆ.

ವಿಹ್ರಾ ಎದ್ದಳು. ಮುಖ ಕೆಂಡವಾಗಿತ್ತು. ಸಂತೋಷಕ್ಕೋ ಕೋಪಕ್ಕೋ ಅವಳಿಗೇ ತಿಳಿಯದು. “ನಿಮಗೆ ಬುದ್ಧಿ ಇದೆಯಾ? ನೀವು ಓಟು ಹಾಕದಿದ್ರೆ ಎರಡೆರಡು ಸಮ ಆಗುತ್ತೆ, ಅಧ್ಯಕ್ಷರು ಗೆಲ್ತಾರೆ! ನನ್ನ ಲೈಬ್ರರಿ ಮುಳುಗಿಸಿ ಪ್ರೀತಿ ಹೇಳ್ತೀರಾ?”

“ಗೊತ್ತು. ಮಲಗಿದ್ರೂ ನಿದ್ದೆ ಬಂದಿಲ್ಲ ನನಗೆ.” ಅವನು ಅವಳ ಕಡೆ ತಿರುಗಿದ. “ಆದ್ರೆ ನಾಳೆ ನಾವಿಬ್ರೂ ಜೊತೆಗೆ ಓಡಾಡಿದ್ರೆ, ಹುಡುಗಿ ನಕ್ಕು ಓಟು ಗಿಟ್ಟಿಸ್ಕೊಂಡ್ಲು ಅಂತಾರೆ. ನಿಮ್ಮ ಮೇಲೆ ಆ ಮಾತು ಬರೋದು ನಂಗೆ ಬೇಡ. ಈ ಲೈಬ್ರರಿ ಮೇಲೂ.”

ಬೇಕರಿಯವನು ತನ್ನ ಟೋಪಿಯನ್ನು ಮೊಣಕಾಲ ಮೇಲೆ ತಿರುಗಿಸುತ್ತ ಕೂತ. ಅಂಥ ಮಾತು ಮೊದಲು ಆಡುತ್ತಿದ್ದವನು ತಾನೇ ಎಂದು ಅವನಿಗೂ ಗೊತ್ತಿತ್ತು.

ಗ್ರೋಝ್ದಾನ್ ನಿಟ್ಟುಸಿರಿಟ್ಟ. “ಹಾಗಾದ್ರೆ ಉಳಿದ ನಾಲ್ಕು ಜನ...”

“ನಿಲ್ಲು ಗ್ರೋಝ್ದಾನ್.” ಗಿನ್ಕಾ ಚಿಕ್ಕಮ್ಮ ಮೂಗು ಒರೆಸಿಕೊಳ್ಳುತ್ತಿದ್ದಳು. “ನನ್ನ ಉಡುಪಿನ ಕೋಣೆಯಲ್ಲಿ ನಲ್ಲಿ ಇಲ್ವಾ? ಬೆಚ್ಚಗಿಡೋ ಬಿಸಿನೀರಿನ ಕೊಳವೆ ಇಲ್ವಾ?”

“ಇದೆ. ಅದನ್ನ ಕೇಳಿದ್ದಕ್ಕೆ ನೀನು ನನ್ನ ಮೇಲೆ ಸೌಟು ಎತ್ತಿದ್ದೆ.”

“ಎತ್ತಿದ್ದೆ. ಈಗ ಇಳಿಸ್ತಿದೀನಿ. ಈ ಹುಡುಗ ಎಲ್ಲರೆದುರು ತನ್ನ ಗೆಲುವನ್ನೇ ಬಿಟ್ಟುಕೊಟ್ಟ. ನಾನು ಒಂದು ಕೋಣೆ ಬಿಡೋಕಾಗಲ್ವಾ? ಉಡುಪೆಲ್ಲ ವೇದಿಕೆ ಹಿಂದೆ ನೇತಾಕ್ತೀನಿ. ಪರದೆಯೊಂದು ಹೊಲಿಸಿಕೊಡಿ, ಸಾಕು. ಡಾಕ್ಟ್ರು ಕೆಳಗೆ ಹಲ್ಲು ಕೀಳಲಿ. ಇವಳು ಮೇಲೆ ಪುಸ್ತಕ ಕೊಡಲಿ.”

“ಕಿರುಚೋದು ಮೇಲಕ್ಕೆ ಕೇಳ್ಸುತ್ತೆ!” ಹಿಂದಿನಿಂದ ಒಬ್ಬ ಮುದುಕ ಕೂಗಿದ.

“ನಿಂಗೆ ಮೊದ್ಲೇ ಕಿವಿ ಕೇಳ್ಸಲ್ಲ, ಸುಮ್ನಿರೋ!” ಎಂದಳು ಗಿನ್ಕಾ ಚಿಕ್ಕಮ್ಮ. ಸಭೆಯೆಲ್ಲ ನಕ್ಕಿತು. ಗ್ರೋಝ್ದಾನ್‌ಗೂ ನಗು ಬಂತು, ಹಲ್ಲು ಜುಮ್ಮೆಂದು ಕೆನ್ನೆ ಹಿಡಿದುಕೊಂಡ.

ನಾಲ್ಕು ಕೈಗಳೂ ಮೇಲೆದ್ದವು. ಬೇಕರಿಯವನದು ಎಲ್ಲರಿಗಿಂತ ಮೊದಲು.

ವಿಹ್ರಾ ಕುರ್ಚಿಯಲ್ಲಿ ಕುಸಿದಳು. ವಾರಗಳಿಂದ ಭುಜದ ಮೇಲೆ ಕೂತಿದ್ದ ಭಾರ ಒಮ್ಮೆಗೇ ಇಳಿದಿತ್ತು. ಜನ ಬಂದು ಕೈ ಕುಲುಕಿದರು. ಯಾರು ಏನೆಂದರೋ ಒಂದೂ ತಲೆಗೆ ಹೋಗಲಿಲ್ಲ. ಅವಳ ಕಣ್ಣು ಎತ್ತರದ ಒಬ್ಬನನ್ನು ಹುಡುಕುತ್ತಿತ್ತು.

ಅವನು ಹೊರಗೆ, ಲಿಂಡನ್ ಮರದಡಿ ವ್ಯಾನಿಗೆ ಒರಗಿ ನಿಂತಿದ್ದ. ತಪ್ಪು ಮಾಡಿ ಶಿಕ್ಷೆಗೆ ಕಾಯುವವನ ಹಾಗೆ.

“ಇಡೀ ಊರಿಗೆ ಹೇಳಿದ್ರಿ,” ಎಂದಳು ಅವಳು ಹತ್ತಿರ ಬಂದು. “ನನ್ನೊಬ್ಬಳನ್ನ ಬಿಟ್ಟು.”

“ನಿಮಗೆ ಮೊದ್ಲೇ ಹೇಳಿದ್ರೆ ನೀವೇನೋ ಒಂದು ಉತ್ತರ ಕೊಡ್ತಿದ್ರಿ. ಆಮೇಲೆ ನಂಗೆ ಎದ್ದು ನಿಲ್ಲೋಕೆ ಧೈರ್ಯ ಇರ್ತಿರಲಿಲ್ಲ.”

“ಸಂತೆಯಿಂದ ಮನೆವರೆಗೂ ಅತ್ಕೊಂಡು ಹೋದೆ, ಗೊತ್ತಾ?”

“ಗೊತ್ತು. ಕುಂಬಳಕಾಯಿಯವನು ಹೇಳಿದ.” ಅವನು ಅವಳ ಕೈ ಹಿಡಿಯಲೋ ಬೇಡವೋ ಎಂಬಂತೆ ಕೈ ಚಾಚಿದ. ಅವಳು ತಾನೇ ಹಿಡಿದಳು. ಬಿಸಿಯಾದ ಒರಟು ಅಂಗೈ.

“ಮಂಡಳಿ ಬಿಟ್ಟುಬಿಡ್ತೀನಿ,” ಎಂದ.

“ಬೇಡ. ನನ್ನ ವಿಷಯ ಬಂದಾಗ ಹೊರಗೆ ಹೋಗಿ ನಿಂತ್ಕೊಳ್ಳಿ, ಸಾಕು.”

“ಮಳೆ ಬಂದ್ರೆ?”

“ನೆನೀರಿ. ನನ್ನನ್ನ ಅಳಿಸಿದ್ದಕ್ಕೆ ಅಷ್ಟಾದ್ರೂ ಬೇಡ್ವಾ?”

ಅವನ ಫೋನು ಬಡಿದುಕೊಂಡಿತು. ಆಚೆ ಹಳ್ಳಿಯಲ್ಲಿ ಒಂದು ಹಸು ಈಯಲು ಕಷ್ಟಪಡುತ್ತಿದೆ, ತಕ್ಷಣ ಬರಬೇಕು. ಅವನು ಪಾಪದ ಮುಖ ಮಾಡಿ ಅವಳನ್ನು ನೋಡಿದ.

ಅವಳು ಆಗಲೇ ವ್ಯಾನಿನ ಆ ಕಡೆಗೆ ಹೋಗಿ ಬಾಗಿಲ ಬಳಿ ನಿಂತಿದ್ದಳು.

“ಹತ್ತಿ,” ಎಂದ ಯಾಸೆನ್, ಬಾಗಿಲು ತೆರೆದು.

ಅವಳು ಹತ್ತಲಿಲ್ಲ. “‘ಹತ್ತಿ’ ಅಲ್ಲ, ‘ಹತ್ತು’ ಅನ್ನು,” ಎಂದಳು.