ಒಂದನೇ ಕ್ಲಾಸಿನ ನಲ್ಲಿ

“ಎಂಟಕ್ಕೆ ಬನ್ನಿ ಅಂದ್ರೆ ಹತ್ತಕ್ಕೆ ಬರ್ತೀರಲ್ಲ. ನೆಲ ನೋಡಿ, ಕೆರೆ ಆಗಿದೆ.”

ಮೇಡಂ ನನಗೆ ಹೇಳಿದ ಮೊದಲ ಮಾತು ಇದು. ಒಂದನೇ ಕ್ಲಾಸಿನ ಮುಂದಿನ ಪಡಸಾಲೆಯಲ್ಲಿ ನಿಂತಿದ್ದರು. ಕೈಯಲ್ಲಿ ನೆಲ ಒರೆಸುವ ಬಟ್ಟೆ. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಅದನ್ನು ಮೊಣಕೈಯಿಂದ ಮೇಲಕ್ಕೆ ತಳ್ಳುತ್ತ ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ಆ ನೋಟದಲ್ಲಿ ಸಿಟ್ಟು ಅರ್ಧ, ನಗು ಅರ್ಧ ಇತ್ತು.

ನಾನು ಪ್ಲಂಬರ್ ಅಲ್ಲ ಎನ್ನಲು ಬಾಯಿ ತೆರೆದು, ಹಾಗೆಯೇ ಮುಚ್ಚಿದೆ. ಹೇಳುವಂತಿರಲಿಲ್ಲ.

ನಮ್ಮೂರಿನ ಸರ್ಕಾರಿ ಶಾಲೆಗಳಲ್ಲಿ ಓದಿದವರು ಸೇರಿ ಕಟ್ಟಿದ ಪ್ರತಿಷ್ಠಾನ ನಮ್ಮದು. ವರ್ಷಕ್ಕೆ ಎರಡು ಸಲ ಆ ಶಾಲೆಗಳ ಶಿಕ್ಷಕರು ಅರ್ಜಿ ಹಾಕುತ್ತಾರೆ. ಒಬ್ಬರಿಗೆ ಸೂಕ್ಷ್ಮದರ್ಶಕ ಬೇಕು, ಒಬ್ಬರಿಗೆ ನಿಘಂಟುಗಳು, ಇನ್ನೊಬ್ಬರಿಗೆ ನಾಟಕದ ಪರದೆ. ಪ್ರತಿ ಅರ್ಜಿಯನ್ನೂ ಮೂವರು ಹಳೆಯ ವಿದ್ಯಾರ್ಥಿಗಳು ಓದುತ್ತಾರೆ; ಇಬ್ಬರಾದರೂ ಒಪ್ಪಬೇಕು. ಮೂವರಲ್ಲಿ ಒಬ್ಬರು ಶಾಲೆಗೆ ಹೋಗಿ ಅರ್ಧ ದಿನ ಇದ್ದು ಬರಬೇಕು. ಹೆಡ್‌ಮಾಸ್ಟರಿಗೆ ಬಿಟ್ಟು ಬೇರೆ ಯಾರಿಗೂ, ನೋಡುವುದು ಮುಗಿಯುವವರೆಗೆ, ಬಂದ ಕಾರಣ ಹೇಳಬಾರದು. ಹೇಳಿದರೆ ಎಲ್ಲರೂ ನಮ್ಮೆದುರು ಮಡಿಚಿಟ್ಟ ಬಟ್ಟೆಯ ಹಾಗೆ ಆಗಿಬಿಡುತ್ತಾರೆ.

ಆದ್ದರಿಂದ ಸ್ಪ್ಯಾನರ್ ಕೊಡಿ ಎಂದು ಕೈ ಚಾಚಿದೆ. ಮೂವತ್ತನಾಲ್ಕು ವರ್ಷ ಜಲಮಂಡಳಿಯಲ್ಲಿ ಪಂಪ್ ಮೆಕ್ಯಾನಿಕ್ ಆಗಿದ್ದವನಿಗೆ ಒಂದು ನಲ್ಲಿ ದೊಡ್ಡದಲ್ಲ.

“ಸ್ಪ್ಯಾನರೂ ನಾವೇ ಕೊಡ್ಬೇಕಾ?” ಎಂದರು. ಕೊಟ್ಟರು.

ಹತ್ತೂವರೆಗೆ ಗಂಟೆ ಹೊಡೆಯಿತು. ಆ ಕಟ್ಟಡ ಹಿಂದೆ ಹೈಸ್ಕೂಲಾಗಿತ್ತು. ಹಾಗಾಗಿ ನಲ್ಲಿ ನನ್ನ ಎದೆಯ ಮಟ್ಟಕ್ಕಿತ್ತು. ಆರು ವರ್ಷದ ಮೂವತ್ತೆಂಟು ಮಕ್ಕಳು ಸಾಲಾಗಿ ನಿಂತವು. ಮೇಡಂ ಒಂದೊಂದನ್ನೇ ಎತ್ತಿ, ಕೈ ತೊಳೆಸಿ, ನೀರು ಕುಡಿಸಿ ಇಳಿಸತೊಡಗಿದರು.

“ನೀನು ಇವತ್ತು ತಿಂಡಿ ತಿಂದಿಲ್ಲ. ನಿನ್ನೆಗಿಂತ ಹಗುರ ಇದೀಯ.”

“ತಿಂದೆ ಮಿಸ್.”

“ಎಷ್ಟು?”

“ಒಂಚೂರು.”

“ನೋಡಿದ್ಯಾ, ನನ್ನ ಕೈ ಸುಳ್ಳು ಹೇಳಲ್ಲ.”

ಮೂವತ್ತೆಂಟನೆಯದನ್ನು ಇಳಿಸಿ, ಗೋಡೆಗೆ ಬೆನ್ನು ಒತ್ತಿ ಕಣ್ಣು ಮುಚ್ಚಿದರು. ಒಂದು ಕ್ಷಣ ಮಾತ್ರ. ಯಾರೂ ನೋಡಲಿಲ್ಲ ಎಂದುಕೊಂಡಿರಬೇಕು. ನಾನು ನೋಡಿದೆ. ಅಂದಿನಿಂದ ಆ ಮುಖ ನನ್ನ ಮನಸ್ಸಿನಿಂದ ಹೋಗಲಿಲ್ಲ.

“ಒಂದು ಸ್ಟೂಲ್ ಇಡಬಾರ್ದಾ?” ಎಂದು ಕೇಳಿದೆ.

“ಇಟ್ಟಿದ್ವಿ. ಹೋದ ವರ್ಷ ಒಬ್ಬ ಜಾರಿ ಹಲ್ಲು ಮುರ್ಕೊಂಡ. ಇಲಾಖೆಗೆ ಆರು ಕಾಗದ ಬರೆದಾಯ್ತು. ಈಗ ಯಾರೋ ಹಳೇ ವಿದ್ಯಾರ್ಥಿಗಳ ಸಂಘ ಇದೆಯಂತೆ, ಅವರಿಗೆ ಬರೆದಿದೀನಿ. ಮೂರು ನಲ್ಲಿ, ತಗ್ಗಿನಲ್ಲಿ. ಒಂದು ಸಣ್ಣ ತೊಟ್ಟಿ. ಅವರೇನು ಕೊಡ್ತಾರೋ, ದೊಡ್ಡ ಮನುಷ್ಯರು.”

ನಾನು ನೋಡಬೇಕಾದದ್ದು ಮುಗಿದಿತ್ತು. ಜೇಬಿನಿಂದ ಅವರ ಅರ್ಜಿಯನ್ನು ತೆಗೆದು ಬಿಡಿಸಿದೆ. ತಮ್ಮದೇ ಅಕ್ಷರ ನೋಡಿ ಅವರ ಕಿವಿ ಕೆಂಪಾಯಿತು. ಆಮೇಲೆ ನನ್ನ ಒದ್ದೆ ತೋಳು, ಕೈಯಲ್ಲಿದ್ದ ಸ್ಪ್ಯಾನರ್ ನೋಡಿ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು.

“ಮೊದಲೇ ಹೇಳಬಾರ್ದಿತ್ತಾ?”

“ಹೇಳಿದ್ರೆ ನೀವು ಬೈತಿರ್ಲಿಲ್ಲ.”

ಒಂದು ಸಲ ಹೋದರೆ ಸಾಕಾಗಿತ್ತು. ನಾನು ಮತ್ತೆ ನಾಲ್ಕು ಸಲ ಹೋದೆ. ವಾಷರ್ ಹಾಕಲು ಒಮ್ಮೆ, ನೀರಿನ ಒತ್ತಡ ನೋಡಲು ಒಮ್ಮೆ, ಮಕ್ಕಳ ಎತ್ತರ ಅಳೆಯಲು ಎರಡು ಸಲ. ಎರಡನೆಯ ಅಳತೆಯ ದಿನ ಅವರು ಟೇಪಿನ ಇನ್ನೊಂದು ತುದಿ ಹಿಡಿದು, “ಒಂದೇ ವಾರದಲ್ಲಿ ಎಷ್ಟು ಬೆಳೆದಿರ್ತಾರೆ ಅಂತ ನಿಮ್ಮ ಅಂದಾಜು?” ಎಂದು ಕೇಳಿದರು. ನಾನು ಟೇಪನ್ನೇ ನೋಡುತ್ತಿದ್ದೆ. ಅವರು ನನ್ನನ್ನು ನೋಡುತ್ತಿದ್ದರು.

ಮನೆಯಲ್ಲಿ ಮಗಳ ಕಣ್ಣಿಗೆ ಮಣ್ಣೆರಚಲು ಆಗುತ್ತದೆಯೇ?

“ಅಪ್ಪಾ, ನಲ್ಲಿ ಅಳತೆಗೆ ಇಸ್ತ್ರಿ ಶರ್ಟ್ ಬೇಕಾ?”

“ಶಾಲೆಗೆ ಹೋಗ್ತಿರೋದು. ಮರ್ಯಾದೆ ಬೇಡ್ವಾ?”

“ನಾನು ಅದೇ ಕೇಳಿದ್ದು. ಮರ್ಯಾದೆ ಯಾರಿಗೆ ಅಂತ.”

ಅವಳ ತಾಯಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಆ ನಾಲ್ಕು ವರ್ಷ ಮನೆಯಲ್ಲಿ ನಾನು ನಕ್ಕದ್ದು ಕಡಿಮೆ. ದುಃಖ ಕಡಿಮೆಯಾಗಲಿ ಎಂದು ನಾನು ದೇವರಲ್ಲಿ ಎಂದೂ ಬೇಡಲಿಲ್ಲ. ಹೊರುವ ಶಕ್ತಿ ಕೊಡು ಎಂದಷ್ಟೇ ಬೇಡಿದ್ದೆ. ಅವನು ಕೊಟ್ಟಿದ್ದ. ಅದರ ಜೊತೆಗೆ ಇದನ್ನೂ ಕೊಡುತ್ತಾನೆಂದು ಗೊತ್ತಿರಲಿಲ್ಲ.

ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ ನಮ್ಮ ಸಭೆ. ಈ ಅರ್ಜಿ ಓದಿದ ಮೂವರಲ್ಲಿ ಅಂಗಡಿಯ ಒಡತಿ ಒಬ್ಬರು. ಇನ್ನೊಬ್ಬ ವಕೀಲ, ನನ್ನ ಸಹಪಾಠಿ. ಶಾಲೆಯಲ್ಲಿ ಗಂಟೆ ಹೊಡೆಯುತ್ತಿದ್ದುದರಿಂದ ಇಂದಿಗೂ ಅವನು ನಮಗೆಲ್ಲ ಗಂಟೆ. ನಾನು ಅವನಿಗೆ ವಾಷರ್.

ಗಂಟೆಯ ನಿಲುವು ನನಗೆ ಮೊದಲೇ ಗೊತ್ತಿತ್ತು. “ನಾವು ಓದಿಗೆ ಕೊಡೋರು, ಕೊಳಾಯಿಗಲ್ಲ” ಎಂದು ಎರಡು ಸಲ ಹೇಳಿದ್ದ. ಅಂಗಡಿಯವರು ಅರ್ಜಿಗೆ ಒಪ್ಪಿದ್ದರು. ನನ್ನ ಒಪ್ಪಿಗೆ ಸೇರಿದರೆ ಮಕ್ಕಳಿಗೆ ನಲ್ಲಿ ಬರುತ್ತಿತ್ತು.

ಆದರೆ ಚರ್ಚೆಗೆ ಮೊದಲು ಪ್ರತಿಯೊಬ್ಬ ಓದುಗನೂ ಒಂದು ಹಾಳೆಗೆ ಸಹಿ ಹಾಕಬೇಕು: ಅರ್ಜಿದಾರರು ನನ್ನ ನೆಂಟರಲ್ಲ, ನನಗೆ ಬೇಕಾದವರಲ್ಲ. ಸಹಿ ಹಾಕದವನು ಹೊರಗಿರಬೇಕು. ಆಗ ಉಳಿದ ಇಬ್ಬರೂ ಒಪ್ಪಬೇಕು.

ಅಂದು ಬೆಳಿಗ್ಗೆ ಪ್ರಾರ್ಥನೆಯಲ್ಲಿ, ಸುಮ್ಮನೆ ಸಹಿ ಹಾಕಲೇ ಎಂದು ಕೇಳಿದ್ದೆ. ಮಕ್ಕಳ ನೀರಿಗಾಗಿ ಒಂದು ಸಣ್ಣ ಸುಳ್ಳು. ಉತ್ತರ ಬರಲಿಲ್ಲ. ಕೇಳುವಾಗಲೇ ಅದು ನನಗೆ ಗೊತ್ತಿದ್ದುದರಿಂದ ದೇವರು ಶ್ರಮ ತೆಗೆದುಕೊಂಡಿರಲಿಕ್ಕಿಲ್ಲ.

“ಏನೋ ವಾಷರ್, ಸಹಿ ಮರೆತ್ಯಾ?” ಎಂದ ಗಂಟೆ.

“ನಾನು ಹಾಕೋ ಹಾಗಿಲ್ಲ.”

“ಯಾಕೆ, ನೆಂಟರಾ?”

“ಅಲ್ಲ.”

“ಮತ್ತೆ?”

“ಆಗ್ಲಿ ಅಂತ ಆಸೆ.”

ಐವತ್ತು ವರ್ಷದಲ್ಲಿ ಮೊದಲ ಬಾರಿ ಗಂಟೆ ಸದ್ದು ಮಾಡಲಿಲ್ಲ. ಅಂಗಡಿಯವರು ಟೀ ಲೋಟ ಕೆಳಗಿಟ್ಟರು.

“ಅವರಿಗೆ ಗೊತ್ತಾ?”

“ಇಲ್ಲ.”

“ಅವರಿಗಿಂತ ಮೊದಲು ನಮಗೆ ಹೇಳ್ತಿದೀರಲ್ಲ ಮಹಾರಾಯರೇ.”

ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತೆ. ಹತ್ತು ನಿಮಿಷದಲ್ಲಿ ಮುಗಿಯಿತು. ಒಪ್ಪಿಗೆ ಒಂದು, ಬೇಡ ಒಂದು. ಒಂದಕ್ಕೊಂದು. ಅರ್ಜಿ ಬಿತ್ತು.

ಶಾಲೆ ನೋಡಿ ಬಂದವನೇ ಫಲಿತಾಂಶವನ್ನೂ ತಿಳಿಸಬೇಕು. ಅದೂ ನಮ್ಮ ಪದ್ಧತಿ. ಶಾಲೆ ಬಿಟ್ಟ ಮೇಲೆ ಹೋದೆ. ಅವರು ಮಕ್ಕಳ ಪುಸ್ತಕ ತಿದ್ದುತ್ತಿದ್ದರು. ಮಕ್ಕಳ ಬೆಂಚಿನ ಮೇಲೆ, ಮಂಡಿ ಗಲ್ಲಕ್ಕೆ ತಾಗುವಂತೆ ಕುಳಿತು, ಆದದ್ದನ್ನೆಲ್ಲ ಹೇಳಿದೆ. ಕಾರಣವನ್ನೂ ಹೇಳಿದೆ. ಹೇಳುವಾಗ ಕಪ್ಪು ಹಲಗೆಯನ್ನು ನೋಡುತ್ತಿದ್ದೆ. ಅದರ ಮೇಲೆ ಒಂದು ಆನೆ ಇತ್ತು.

ಅವರು ಕೆಂಪು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಹಾಕಿದರು.

“ಸುಮ್ಮನೆ ಸಹಿ ಹಾಕಿದ್ರೆ ಏನಾಗ್ತಿತ್ತು?”

“ನಲ್ಲಿ ಬರ್ತಿತ್ತು.”

“ಆಮೇಲೆ?”

“ಆಮೇಲೆ ನಿಮ್ಮ ಮುಖ ನೋಡಿದಾಗೆಲ್ಲ ಆ ಸಹಿ ಕಾಣ್ತಿತ್ತು.”

“ನಿಮ್ಮ ಮನಸ್ಸು ಹಗುರ ಆಯ್ತು. ನನ್ನ ಮಕ್ಕಳು ಅಷ್ಟೇ ಭಾರ ಇದಾರೆ.”

ನಾನು ಎದ್ದೆ. ಬೆಂಚು ನನ್ನ ಜೊತೆಗೇ ಎದ್ದಿತು, ಕಾಲು ಸಿಕ್ಕಿಕೊಂಡಿತ್ತು. ಅವರ ತುಟಿಯ ಕೊನೆ ಸ್ವಲ್ಪ ಅಲುಗಿತು. ನಗಲಿಲ್ಲ.

“ಕೂತ್ಕೊಳಿ. ಒಂದಕ್ಕೊಂದು ಆದ್ರೆ ನಿಮ್ಮಲ್ಲಿ ಬೇರೆ ದಾರೀನೇ ಇಲ್ವಾ?”

“ಅರ್ಜಿದಾರರು ಕೇಳಿದ್ರೆ, ಬೇಡ ಅಂದವರೇ ಬಂದು ನೋಡ್ಬೇಕು. ಇದುವರೆಗೆ ಯಾರೂ ಕೇಳಿಲ್ಲ.”

“ಯಾಕೆ?”

“ವಕೀಲ ಅಂತ ಹೆದರಿಕೆ.”

“ನಾನು ಒಂದನೇ ಕ್ಲಾಸಿನ ಟೀಚರ್,” ಎಂದು ಅವರು ಒಂದು ಬಿಳಿ ಹಾಳೆ ಹರಿದರು. “ಅವರಿಗೆ ಹೇಗೆ ಬರೀಬೇಕು, ಹೇಳಿ.”

ಬರೆದು ಮುಗಿಸಿ, ಮಡಿಚಿ ನನ್ನ ಕೈಗೆ ಕೊಟ್ಟರು. ಕೊಡುವಾಗ ಹಾಳೆಯ ತುದಿಯನ್ನು ಒಡನೆಯೇ ಬಿಡಲಿಲ್ಲ.

“ನೀವು ಹೇಳಿದ ಇನ್ನೊಂದು ವಿಷಯ. ಅದಕ್ಕೆ ಈಗ ಉತ್ತರ ಕೊಡಲ್ಲ. ಹೂಂ ಅಂದ್ರೆ ನೀರಿಗಾಗಿ ಅಂದಳು ಅಂತ ಊರವರು ಅಂತಾರೆ. ಊಹೂಂ ಅಂದ್ರೆ ಸಿಟ್ಟಿಗೆ ಅಂದಳು ಅಂತ ನೀವು ಅಂದ್ಕೋತೀರ. ಈ ಕೆಲಸ ಒಂದು ಕಡೆ ಆಗೋವರೆಗೂ ಇತ್ತ ಬರಬೇಡಿ.”

“ಆಯ್ತು.”

“ಇಷ್ಟು ಬೇಗ ಆಯ್ತು ಅಂತೀರಾ?” ಎಂದರು. ಕನ್ನಡಕದ ಮೇಲಿನಿಂದ ನೋಡಿದರು. ಆ ಒಂದು ನೋಟದ ಮೇಲೆ ನಾನು ಆರು ವಾರ ಬದುಕಿದೆ.

ಗಂಟೆ ಹೋಗಿ ಬಂದ ದಿನ ಸಂಜೆ ಫೋನ್ ಮಾಡಿದ.

“ಲೋ, ಮಲಗಿದ್ದಲ್ಲಿಂದ ಮಾತಾಡ್ತಿದೀನಿ. ಸೊಂಟ ಹಿಡ್ಕೊಂಡಿದೆ.”

“ಏನಾಯ್ತೋ?”

“ವಾದ ಮಾಡ್ತಾರೆ ಅಂತ ತಯಾರಾಗಿ ಹೋದೆ. ಒಂದು ಮಾತಾಡಲಿಲ್ಲ ಮಾರಾಯ. ಗಂಟೆ ಹೊಡೀತು, ‘ಇವತ್ತು ನೀವು ಎತ್ತಿ ಸರ್’ ಅಂದ್ರು. ಹತ್ತೊಂಬತ್ತು ಎತ್ತೋ ಹೊತ್ತಿಗೆ ನೆಲದ ಮೇಲೆ ಕೂತೆ. ಇಪ್ಪತ್ತನೇದು ಬಂದು, ‘ತಾತಾ, ನಿಮ್ಮನ್ನು ಯಾರು ಎತ್ತಬೇಕು?’ ಅಂತ ಕೇಳ್ತು.”

ನಾನು ನಕ್ಕೆ.

“ನಗು, ನಗು. ನೀರು ಕುಡೀದೆ ಮಗು ಓದೋದು ಹೇಗೆ ಅಂತ ನಾನೇ ಬರೆದು ಒಪ್ಪಿಗೆ ಕೊಟ್ಟೆ. ನನಗೆ ಸೊಂಟ ಒಂದೇ ದಿನ ಹೋಯ್ತು, ಆಕೆಗೆ ದಿನಾ.” ಮಗ್ಗುಲು ಬದಲಿಸಿ ನರಳಿದ್ದು ಕೇಳಿಸಿತು. “ಒಳ್ಳೆಯವರು ಕಣೋ. ನಿನಗೆ ಹೆಚ್ಚಾಯ್ತು.”

ಕೆಲಸ ನಡೆಯುವಾಗ ನಾನು ಆ ಬೀದಿಗೂ ಹೋಗಲಿಲ್ಲ. ಪೈಪು ಎಷ್ಟು ಅಂಗುಲದ್ದು ಹಾಕಿದರೋ, ಇಳಿಜಾರು ಸರಿಯಾಗಿ ಕೊಟ್ಟರೋ ಎಂದು ರಾತ್ರಿ ನಿದ್ದೆ ಬರುತ್ತಿರಲಿಲ್ಲ ಎಂದರೆ ಅದು ಅರ್ಧ ಸತ್ಯ ಮಾತ್ರ.

ಮಕ್ಕಳ ನಲ್ಲಿಗಳಲ್ಲಿ ನೀರು ಬಂದ ಮೇಲಿನ ಭಾನುವಾರ ಬಾಗಿಲು ತಟ್ಟಿದ ಸದ್ದಾಯಿತು. ಮಗಳು ತೆಗೆದಳು.

“ನಿಮ್ಮ ತಂದೆಯವರಿಗೆ ಒಂದು ಉತ್ತರ ಕೊಡೋದಿತ್ತು” ಎಂದರು ಮೇಡಂ.

“ಒಳಗೆ ಬನ್ನಿ. ಬೆಳಿಗ್ಗೆಯಿಂದ ಪತ್ರಿಕೆ ತಲೆಕೆಳಗೆ ಹಿಡ್ಕೊಂಡು ಕೂತಿದಾರೆ” ಎಂದು ಮಗಳು ಅಡುಗೆಮನೆಗೆ ಹೋದಳು. ಆ ಮಾತು ಸುಳ್ಳು. ಪತ್ರಿಕೆ ನೆಟ್ಟಗೇ ಇತ್ತು, ಓದುತ್ತಿರಲಿಲ್ಲ ಅಷ್ಟೆ.

ಅವರು ಕುಳಿತುಕೊಳ್ಳಲಿಲ್ಲ. ಗೋಡೆಯ ಮೇಲಿದ್ದ ನನ್ನ ಹೆಂಡತಿಯ ಫೋಟೋದ ಮುಂದೆ ನಿಂತರು. ತುಂಬ ಹೊತ್ತು ನೋಡಿದರು, ಪರಿಚಯವಾಗಬೇಕಾದವರನ್ನು ನೋಡುವ ಹಾಗೆ.

“ಇವರು ನಿಮ್ಮನ್ನು ಏನಂತ ಕರೀತಿದ್ರು?”

“ರೀ ಅಂತ. ಎಲ್ಲರ ಹಾಗೇನೇ.”

“ಎಲ್ಲರ ಹಾಗೆ ಇರಲಿಕ್ಕಿಲ್ಲ.”

ನಿಜ. ಎಲ್ಲರ ಹಾಗೆ ಇರಲಿಲ್ಲ. ಎರಡನೆಯ ಸಲ ಕರೆಯುವಾಗ ಅದಕ್ಕೊಂದು ಸಣ್ಣ ಏರು ಇರುತ್ತಿತ್ತು. ನಾಲ್ಕು ವರ್ಷದಲ್ಲಿ ಅದನ್ನು ಯಾರಿಗೂ ಹೇಳಿರಲಿಲ್ಲ. ಅವರಿಗೆ ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿದರು.

“ಹಾಗಾದ್ರೆ ಅದು ಅವರದೇ ಇರಲಿ,” ಎಂದರು. “ನಾನು ಕರೆಯೋಕೆ ಬೇರೆ ಏನಾದ್ರೂ ಹುಡುಕ್ಕೋತೀನಿ.”

ಹುಡುಕಿಕೊಳ್ಳಲು ಅವರಿಗೆ ಮೂರು ದಿನ ಬೇಕಾಯಿತು. ಅದು ಏನೆಂದು ಇಲ್ಲಿ ಬರೆಯುವುದಿಲ್ಲ. ಕರೆಯುತ್ತಾರೆ, ನಾನು ಓಗೊಡುತ್ತೇನೆ.