ಏಳನೆಯ ಸಾಲು

“ಆರು ಸಾಲು ಎಷ್ಟು ಬೇಕಾದ್ರೂ ಆಡಿ ಮೇಡಂ. ಏಳನೇ ಸಾಲನ್ನ ಮಾತ್ರ ಓದಬೇಡಿ,” ಎಂದ ಗುಜರಿ ಅಂಗಡಿಯ ಮುದುಕ. ಹಳೆಯ ಕಂಪ್ಯೂಟರ್ ಆಟವಿದ್ದ ಪೆನ್ ಡ್ರೈವನ್ನು ಅವಳ ಕೈಗೆ ಕೊಡಲಿಲ್ಲ; ಮೇಜಿನ ಮೇಲಿಟ್ಟು ಒಂದು ಬೆರಳಿನಿಂದ ಅವಳತ್ತ ದೂಡಿದ.

ಇನ್‌ಸ್ಪೆಕ್ಟರಮ್ಮ ನಕ್ಕುಬಿಟ್ಟಳು. ತೂಕ-ಅಳತೆಯ ಇಲಾಖೆಯಲ್ಲಿ ಹದಿನೆಂಟು ವರ್ಷ ಸವೆಸಿದವಳು ಅವಳು. ತಟ್ಟೆಯಡಿ ಅಂಟಿಸಿದ ಅಯಸ್ಕಾಂತ, ಹೊಟ್ಟೆ ಕೊರೆದು ಟೊಳ್ಳು ಮಾಡಿದ ತೂಕದ ಕಲ್ಲು, ಗಿರಾಕಿಯ ಕಣ್ಣು ತಪ್ಪಿಸಿ ತಕ್ಕಡಿಗೆ ತಾಗುವ ಕಿರುಬೆರಳು, ಎಲ್ಲವನ್ನೂ ಹಿಡಿದಿದ್ದಳು. ಬೇಡ ಬೇಡ ಎನ್ನುತ್ತಲೇ ಆಸೆ ಹುಟ್ಟಿಸುವ ವ್ಯಾಪಾರಿಗಳೂ ಅವಳಿಗೆ ಹೊಸಬರಲ್ಲ.

“ಅಷ್ಟು ಹೆದರಿಕೆ ಇದ್ರೆ ಇದರೊಳಗೆ ಯಾಕೆ ಹಾಕಿದ್ರಿ ಯಜಮಾನ್ರೇ?”

“ನಾನು ಹಾಕಿಲ್ಲ. ಮೂರು ಸಲ ಅಳಿಸಿದೆ. ಮತ್ತೆ ನೋಡಿದ್ರೆ ಅಲ್ಲೇ ಇರುತ್ತೆ.”

“ಓದಿದ್ರೆ ಏನಾಗುತ್ತೆ? ಕಣ್ಣು ಹೋಗುತ್ತಾ?”

“ಅರ್ಥ ಆಗೋವರೆಗೂ ಏನೂ ಆಗಲ್ಲ.” ಮುದುಕ ದನಿ ತಗ್ಗಿಸಿದ. “ಅದು ಆಟ ಅಲ್ಲ ಮೇಡಂ, ಮಾಟ. ಯಾರು ಯಾರಿಗೆ ಮಾಡಿದ್ದೋ. ಆ ಅನುವಾದದ ಪಟ್ಟಿಯನ್ನ ಅದರ ಮೇಲೆ ಎಳೀಬೇಡಿ, ಅಷ್ಟೇ.”

ಆ ಅಂಗಡಿಯಲ್ಲಿ ತುಕ್ಕಿನ ವಾಸನೆ, ಸುಟ್ಟ ವೈರಿನ ವಾಸನೆ. ಅವನ ತಕ್ಕಡಿಯನ್ನು ಅವಳು ನಾಲ್ಕು ಸಲ ಪರೀಕ್ಷಿಸಿದ್ದಳು. ನಾಲ್ಕು ಸಲವೂ ಮುಳ್ಳು ಕೂದಲೆಳೆಯಷ್ಟೂ ಆಚೀಚೆ ಆಗಿರಲಿಲ್ಲ. ಆದರೂ ಪ್ರತಿ ಸಲ ಮೆಟ್ಟಿಲಿಳಿಯುವಾಗ ಈ ಮುದುಕ ನನಗೆ ಟೋಪಿ ಹಾಕಿದ ಎಂದೇ ಅನ್ನಿಸುತ್ತಿತ್ತು. ಇವತ್ತೂ ಹಾಗೇ ಅನ್ನಿಸಿತು. ಪೆನ್ ಡ್ರೈವನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು.

ಈ ಹುಚ್ಚು ಅವಳಿಗೆ ಹಿಡಿದು ಮೂರು ತಿಂಗಳಾಗಿತ್ತು. ನಲವತ್ತು ವರ್ಷದ ಹಿಂದಿನ ಜಪಾನಿ ಕಂಪ್ಯೂಟರುಗಳ ಆಟಗಳು. ಆ ಯಂತ್ರಗಳು ಈಗ ಗುಜರಿಯಲ್ಲೂ ಸಿಗವು. ಆದರೆ ಎಮ್ಯುಲೇಟರ್ ಎಂಬ ತಂತ್ರಾಂಶ ನಮ್ಮ ಕಂಪ್ಯೂಟರಿನೊಳಗೇ ಕೂತು, ನಾನೇ ಆ ಹಳೆಯ ಯಂತ್ರ ಎಂದು ಆಟವನ್ನು ನಂಬಿಸುತ್ತದೆ. ಜಪಾನಿ ಬಾರದವರಿಗೆ ಇನ್ನೊಂದು ಉಪಾಯವಿದೆ. ಪರದೆಯ ಮೇಲೆ ಒಂದು ಪಟ್ಟಿಯನ್ನು ಎಳೆದು ಯಾವ ಸಾಲಿನ ಮೇಲಿಟ್ಟರೂ ಅದು ಆ ಸಾಲನ್ನು ಓದಿ ಕೆಳಗೆ ಕನ್ನಡದಲ್ಲಿ ತೋರಿಸುತ್ತದೆ. ಇನ್‌ಸ್ಪೆಕ್ಟರಮ್ಮನಿಗೆ ಓಡುವ, ಗುಂಡು ಹಾರಿಸುವ ಆಟ ಬೇಡ. ಪತ್ತೇದಾರಿ ಆಟವೇ ಬೇಕು. ನೋಡು, ಕೇಳು, ಹೋಗು ಎಂದು ಆಜ್ಞೆ ಕೊಡುತ್ತ ಸುಳ್ಳುಗಾರನ ಬುಡಕ್ಕೆ ಬರಬೇಕು. ಕಚೇರಿಯಲ್ಲಿ ಮಾಡುವುದನ್ನೇ ರಜೆಯಲ್ಲೂ ಮಾಡುತ್ತಾಳೆ ಎಂದು ಗಂಡ ಹಂಗಿಸುತ್ತಿದ್ದ.

ಇದನ್ನೆಲ್ಲ ಹೊಂದಿಸಿಕೊಟ್ಟವಳು ನಾದಿನಿ. ಆಸ್ಪತ್ರೆಯ ಎಕ್ಸ್-ರೇ ವಿಭಾಗದಲ್ಲಿ ಕೆಲಸ. ಬಾಯಿ ಬಡಬಡ, ಕೈ ಚುರುಕು. ಹದಿನಾಲ್ಕು ವರ್ಷದವಳಿದ್ದಾಗ ತಾಯಿಯನ್ನು ಕಳೆದುಕೊಂಡು ಅಣ್ಣನ ಮನೆಗೆ ಬಂದಿದ್ದಳು. ಅವಳಿಗೆ ತಲೆ ಬಾಚಿ, ಜ್ವರ ಬಂದಾಗ ಪಕ್ಕದಲ್ಲಿ ಕೂತು ಬೆಳೆಸಿದವಳು ಅತ್ತಿಗೆಯೇ. ಮಕ್ಕಳಿಲ್ಲದ ಮನೆಯಲ್ಲಿ ಅವಳೇ ಮಗಳು. ಇನ್‌ಸ್ಪೆಕ್ಟರಮ್ಮನಿಗೆ ಅವಳೆಂದರೆ ಪ್ರಾಣ.

ಭಾನುವಾರ ಮಧ್ಯಾಹ್ನ ಇಬ್ಬರೂ ಸಾಮಾನಿನ ಕೋಣೆಯಲ್ಲಿ ಕೂತರು. ಕಿಟಕಿಯಿಲ್ಲದ ಕೋಣೆ, ಹಳೆಯ ಪೇಪರಿನ ಮುಗ್ಗಲು, ಫಿನೈಲು, ಕಾದ ಪ್ಲಾಸ್ಟಿಕ್ಕಿನ ವಾಸನೆ. ಎಮ್ಯುಲೇಟರು ಹಳೆಯ ಫ್ಲಾಪಿಯ ಸದ್ದನ್ನೂ ಅಣಕಿಸುತ್ತಿತ್ತು: ಗರ್, ಗರ್, ಟಕ್. ಕಪ್ಪು ಪರದೆಯಲ್ಲಿ ಹಸಿರು ಗೆರೆಗಳ ಒಂದು ಮನೆ ಮೂಡಿತು. ಬಲಕ್ಕೆ ಏಳು ಆಜ್ಞೆಗಳ ಪಟ್ಟಿ.

ಅನುವಾದವೋ, ದೇವರಿಗೇ ಪ್ರೀತಿ. “ಪೊಲೀಸ್ ಚಿಕ್ಕಪ್ಪ ಬಾಗಿಲನ್ನು ಕುಡಿದರು” ಎಂದಿತು. “ಸತ್ತ ಹೆಂಗಸು ನಾಳೆ ಬಿಡುವಾಗಿದ್ದಾಳೆ” ಎಂದಿತು. ನಾದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಅತ್ತಿಗೆ, ನಂಗೆ ಸಾಕಪ್ಪ. ಕಣ್ಣು ಎಳೀತಿದೆ. ಕೊಲೆಗಾರ ಸಿಕ್ಕಿದ್ರೆ ಎಬ್ಬಿಸಿ,” ಎಂದು ಹೋಗಿ ಹಾಲಿನ ಸೋಫಾದ ಮೇಲೆ ಮಲಗಿದಳು.

ಇನ್‌ಸ್ಪೆಕ್ಟರಮ್ಮ ಒಬ್ಬಳೇ ಉಳಿದಳು. ಏಳನೆಯ ಸಾಲು ಕಣ್ಣಿಗೆ ಚುಚ್ಚುತ್ತಲೇ ಇತ್ತು. ಮೊದಲು ಆಟವನ್ನು ಇದ್ದ ಸ್ಥಿತಿಯಲ್ಲೇ ಉಳಿಸಿಟ್ಟಳು. ಎಮ್ಯುಲೇಟರಿನಲ್ಲಿ ಅದೊಂದು ಅನುಕೂಲ: ಏನಾದರೂ ಎಡವಟ್ಟಾದರೆ ಒಂದು ಗುಂಡಿ ಒತ್ತಿ ಹಿಂದಿನ ಗಳಿಗೆಗೇ ಮರಳಬಹುದು. ಆಮೇಲೆ ಪಟ್ಟಿಯನ್ನು ಆ ಸಾಲಿನ ಮೇಲೆಳೆದಳು.

“ಈ ಮನೆಯಲ್ಲಿ ನಿನಗೆ ಯಾರ ಮೇಲೆ ಅನುಮಾನ?”

ಅಚ್ಚುಕಟ್ಟಾದ ಕನ್ನಡ. ಒಂದು ತಪ್ಪಿಲ್ಲ. ಕೆಳಗೆ ಮೂರೇ ಹೆಸರು: ಗಂಡ. ನಾದಿನಿ. ನೀನು.

ಅವಳು ಕುರ್ಚಿಯನ್ನು ಹಿಂದಕ್ಕೆ ತಳ್ಳಿದಳು. ಮರುಕ್ಷಣವೇ ಹದಿನೆಂಟು ವರ್ಷದ ಬುದ್ಧಿ ಎಚ್ಚೆತ್ತಿತು. ತಂತ್ರಾಂಶ ಹಾಕಿಕೊಟ್ಟವಳು ಯಾರು? ಸರಿಯಾದ ಹೊತ್ತಿಗೆ ನಿದ್ದೆ ಎಂದು ಎದ್ದು ಹೋದವಳು ಯಾರು? ಇಂಟರ್‌ನೆಟ್ಟಿನ ತಂತಿ ಕಿತ್ತಳು. ಸಾಲು ಅಲ್ಲೇ ಇತ್ತು. ಮೊದಲೇ ತುಂಬಿಸಿಟ್ಟಿದ್ದಾಳೆ, ಕಿತಾಪತಿ ಹುಡುಗಿ! “ಇರು, ನಿನಗೆ ಮಾಡ್ತೀನಿ,” ಎಂದು ನಗುತ್ತ ‘ನಾದಿನಿ’ಯನ್ನು ಒತ್ತಿದಳು.

“ಅನುಮಾನ ದಾಖಲಾಗಿದೆ. ಸಾಕ್ಷಿ ಒದಗಿಸಲಾಗುವುದು.”

ಗರ್, ಗರ್, ಟಕ್. ಆಗಷ್ಟೇ ಆರಿದ ದೀಪದ ಬತ್ತಿಯ ವಾಸನೆ ಕೋಣೆಯನ್ನು ತುಂಬಿತು. ಮನೆಯಲ್ಲಿ ಯಾರೂ ದೀಪ ಹಚ್ಚಿರಲಿಲ್ಲ.

ನಾದಿನಿ ಎದ್ದ ಮೇಲೆ ಕೇಳಿದರೆ ಆಣೆ ಮಾಡಿ ಹೇಳಿದಳು, ತನಗೇನೂ ಗೊತ್ತಿಲ್ಲವೆಂದು. ಇನ್‌ಸ್ಪೆಕ್ಟರಮ್ಮ ನಂಬಲಿಲ್ಲ. ಸೋಮವಾರ ತಕ್ಕಡಿಗಳಿಗೆ ಒತ್ತುವ ಸರ್ಕಾರಿ ಮುದ್ರೆ ಕಾಣೆಯಾಯಿತು. ಮನೆಯೆಲ್ಲ ಜಾಲಾಡಿದಾಗ ಸಿಕ್ಕಿದ್ದು ನಾದಿನಿಯ ಕೈಚೀಲದಲ್ಲಿ.

“ನನಗ್ಯಾಕೆ ಅತ್ತಿಗೆ ಅದು? ಹೇಗೆ ಬಂತೋ ಗೊತ್ತಿಲ್ಲ!” ಎಂದಳು, ಕಣ್ಣಲ್ಲಿ ನೀರು ತಂದುಕೊಂಡು.

ಮತ್ತೆ ಆರಿದ ಬತ್ತಿಯ ವಾಸನೆ ಬಂತು. ಇನ್‌ಸ್ಪೆಕ್ಟರಮ್ಮನ ಹೊಟ್ಟೆಯೊಳಗೆ ಅನುಮಾನ ಮೆಲ್ಲಗೆ ಕಾಲು ಚಾಚಿ ಕೂತಿತು. ಅಣ್ಣ-ತಂಗಿ ಅಡುಗೆಮನೆಯಲ್ಲಿ ಪಿಸುಗುಟ್ಟಿದರೆ ತನ್ನ ಬಗ್ಗೆಯೇ ಎನ್ನಿಸಿತು. ನಾದಿನಿ ಫೋನು ಮಗುಚಿಟ್ಟರೆ ಯಾಕೆ ಮಗುಚಿಟ್ಟಳು ಎನ್ನಿಸಿತು. ಪ್ರತಿ ಸಲವೂ ಅದೇ ವಾಸನೆ.

ಬುಧವಾರ ಸಂಜೆ ಅವಳು ಒಂದು ವಿಚಿತ್ರ ಗಮನಿಸಿದಳು. ನಾದಿನಿ ಮೆಟ್ಟಿಲು ಹತ್ತಿ ಬಂದರೆ ಹೆಜ್ಜೆಯ ಸದ್ದಿಲ್ಲ. ಕೂತರೆ ಕುರ್ಚಿ ಕಿರ್ರೆನ್ನುವುದಿಲ್ಲ. ಎದ್ದರೆ ಹಾಸಿಗೆಯಲ್ಲಿ ಮಲಗಿದ ಗುರುತಿಲ್ಲ.

“ಯಾಕೋ ಮೈ ಹಗುರ ಹಗುರ ಅತ್ತಿಗೆ. ನೆಲ ಸಿಗ್ತಾನೇ ಇಲ್ಲ ಅನ್ನೋ ಹಾಗೆ,” ಎಂದಳು ಹುಡುಗಿ.

ಇನ್‌ಸ್ಪೆಕ್ಟರಮ್ಮ ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದಳು. ಮೂವತ್ತೊಂದು ಕಿಲೋ. ಹೋದ ತಿಂಗಳು ಐವತ್ನಾಲ್ಕಿತ್ತು. ಮುಖ ಇಳಿದಿಲ್ಲ, ತೋಳು ಸೊರಗಿಲ್ಲ, ಬಳೆ ಸಡಿಲಾಗಿಲ್ಲ. ಯಂತ್ರವನ್ನೇ ಕೆಡಿಸಿದ್ದಾಳೆ ಎಂದುಕೊಂಡು ಇಲಾಖೆಯ ಇಪ್ಪತ್ತು ಕಿಲೋ ಕಲ್ಲನ್ನು ತಂದಿಟ್ಟಳು. ಸರಿಯಾಗಿ ಇಪ್ಪತ್ತು ತೋರಿಸಿತು. ಮತ್ತೆ ನಾದಿನಿಯನ್ನು ನಿಲ್ಲಿಸಿದಳು. ಇಪ್ಪತ್ತೇಳು. ಮರುದಿನ ಆಸ್ಪತ್ರೆಗೆ ಕರೆದೊಯ್ದರೆ ಡಾಕ್ಟರು ತಮ್ಮ ಯಂತ್ರವನ್ನೇ ಬೈದು, ರಕ್ತ ಪರೀಕ್ಷೆಗೆ ಬರೆದುಕೊಟ್ಟು ಕಳಿಸಿದರು.

ಶುಕ್ರವಾರ ಅವಳು ಗುಜರಿ ಅಂಗಡಿಗೆ ಓಡಿದಳು. ಮುಖ ನೋಡುತ್ತಲೇ ಮುದುಕ ಎದ್ದು ನಿಂತ.

“ಯಾರನ್ನ ಒತ್ತಿದ್ರಿ?”

“ನಾದಿನೀನ.”

“ನಾನು ನನ್ನ ತಮ್ಮನನ್ನ ಒತ್ತಿದ್ದೆ. ನೀವು ಅನುಮಾನ ಪಟ್ಟಷ್ಟೂ ಅವರ ತೂಕ ಹೋಗುತ್ತೆ. ಕೊನೇಗೆ ಅವನನ್ನ ಬಟ್ಟೆ ಒಣಗಿಸೋ ಹಗ್ಗಕ್ಕೆ ಕ್ಲಿಪ್ ಹಾಕಿ ಹಿಡಿದಿಟ್ಟಿದ್ದೆ ಮೇಡಂ. ಆಮೇಲೆ ಕೆಳಗಿನ ಹೆಸರು ಒತ್ತಿದೆ. ‘ನೀನು’ ಅಂತ ಇರುತ್ತಲ್ಲ, ಅದು. ಅವನು ಉಳಿದ. ಆವತ್ತಿಂದ ನನ್ನನ್ನ ಯಾರೂ ನಂಬಿಲ್ಲ. ಹೆತ್ತ ಮಕ್ಕಳೂ ನಂಬಿಲ್ಲ. ಈಗ ನೀವೂ ನಂಬಲ್ಲ.”

ನಿಜಕ್ಕೂ ಅವಳು ನಂಬಲಿಲ್ಲ. ಅವನ ಒಂದೊಂದು ಮಾತೂ ಅವಳ ಕಿವಿಗೆ ಹಸಿ ಸುಳ್ಳಾಗಿಯೇ ಬಿತ್ತು. ನನ್ನನ್ನೂ ತನ್ನಂತೆ ಹಾಳು ಮಾಡಲು ಸಂಚು ಹೂಡಿದ್ದಾನೆ, ಈ ಹಗರಣದ ಮೂಲವೇ ಇವನು ಎಂದುಕೊಂಡು ಅರ್ಧ ಮಾತಿಗೇ ಎದ್ದು ಬಂದಳು.

ಶನಿವಾರ ಸಂಜೆ ಐದಕ್ಕೆ ಹಾಲಿನಿಂದ ಗಂಡನ ಚೀರು ಕೇಳಿಸಿತು.

“ಫ್ಯಾನ್ ಆರಿಸೇ! ಬೇಗ ಆರಿಸು!”

ನಾದಿನಿ ಸೋಫಾದ ಮೇಲಿರಲಿಲ್ಲ. ಸೋಫಾಕ್ಕಿಂತ ಒಂದು ಗೇಣು ಮೇಲಿದ್ದಳು. ಫ್ಯಾನಿನ ಗಾಳಿಗೆ ಅವಳ ಮೈ ಒಣಗಲು ಹಾಕಿದ ಸೀರೆಯಂತೆ ಅತ್ತಿತ್ತ ತೇಲುತ್ತಿತ್ತು. ಗಂಡ ಎರಡೂ ಕೈಯಿಂದ ಅವಳ ಮಣಿಕಟ್ಟು ಹಿಡಿದು ನೆಲಕ್ಕೆ ಎಳೆಯುತ್ತಿದ್ದ.

“ಅತ್ತಿಗೆ... ಬಿಡಬೇಡಿ ಅತ್ತಿಗೆ...” ದನಿಗೂ ತೂಕವಿರಲಿಲ್ಲ.

ಇನ್‌ಸ್ಪೆಕ್ಟರಮ್ಮ ಫ್ಯಾನ್ ಆರಿಸಿ ಸಾಮಾನಿನ ಕೋಣೆಗೆ ಓಡಿದಳು. ಬಲ್ಬು ಹತ್ತಲಿಲ್ಲ. ಕಂಪ್ಯೂಟರ್ ಮಾತ್ರ ತಾನಾಗಿಯೇ ಹತ್ತಿಕೊಂಡಿತ್ತು. ಕತ್ತಲಲ್ಲಿ ಹಸಿರು ಗೆರೆಗಳ ಮನೆ. ಗರ್, ಗರ್, ಟಕ್. ಸ್ಪೀಕರಿನ ತಂತಿ ಕಿತ್ತಳು. ಸದ್ದು ನಿಲ್ಲಲಿಲ್ಲ. ಉಳಿಸಿಟ್ಟ ಗಳಿಗೆಗೆ ಮರಳುವ ಗುಂಡಿ ಒತ್ತಿದಳು. ಪರದೆ ಹಿಂದಕ್ಕೆ ಹೋಯಿತು. ಆದರೆ ಆ ಮೂರು ಹೆಸರುಗಳ ಮೇಲೆ ಅನುವಾದದ ಪಟ್ಟಿಯಲ್ಲಿ ಅದೇ ಸಾಲು ಇತ್ತು: “ಅನುಮಾನ ದಾಖಲಾಗಿದೆ.”

ಮತ್ತೆ ಒತ್ತಿದಳು. ಮತ್ತೆ ಅದೇ.

“ಇನ್ನೂ ಹಗುರ ಆಗ್ತಿದಾಳೆ ಕಣೇ! ನನ್ನ ಕೈಲಿ ಆಗ್ತಿಲ್ಲ!” ಹಾಲಿನಿಂದ ಗಂಡ ಅಳುತ್ತಿದ್ದ.

ಉಳಿದಿದ್ದು ಮುದುಕ ಹೇಳಿದ ಒಂದೇ ದಾರಿ. ಆ ಸುಳ್ಳುಗಾರ ಹೇಳಿದ ದಾರಿ. ಅವನ ಮಾತಿಗೆ ಬೆಲೆ ಕೊಡುವುದೇ? ಆಗ ಅವಳಿಗೆ ಹೊಳೆಯಿತು. ಅವನ ತಕ್ಕಡಿಯನ್ನು ನಾಲ್ಕು ಸಲ ತೂಗಿದ್ದೆ. ನಾಲ್ಕು ಸಲವೂ ಮುಳ್ಳು ಸರಿ ಎಂದಿತ್ತು. ನಾಲ್ಕು ಸಲವೂ ನನ್ನ ಮನಸ್ಸು ಮೋಸ ಎಂದಿತ್ತು. ತಪ್ಪಿದ್ದು ಮುಳ್ಳಲ್ಲ. ಹಾಗಾದರೆ ಅವನು ಹೇಳಿದ್ದೆಲ್ಲ ನಿಜ. ಇನ್ನು ಮುಂದೆ ಆಗಲಿರುವುದೂ ನಿಜ.

ಅವಳ ಬೆರಳು ನಿಂತಿತು. ಅವಳ ಬದುಕೆಲ್ಲ ನಿಂತಿದ್ದೇ ಅವಳ ಮಾತಿನ ಮೇಲೆ. ಅವಳು ಸರಿ ಎಂದು ಮುದ್ರೆ ಒತ್ತಿದರೆ ಇಡೀ ಪೇಟೆ ಒಪ್ಪುತ್ತಿತ್ತು. ಅವಳು ಕಣ್ಣು ಮುಚ್ಚಿ ಎಂದರೆ ಗಂಡ ಕಣ್ಣು ಮುಚ್ಚುತ್ತಿದ್ದ. ಅವಳಿಗೆ ಅಳು ಬಂತು. ತುಂಬಾ ಭಯವಾಯಿತು.

ಪಕ್ಕದಲ್ಲಿ ಯಾರೋ ಉಸಿರು ಬಿಟ್ಟರು. ಬತ್ತಿಯ ವಾಸನೆ ಮೂಗಿಗೆ ಒತ್ತಿಕೊಂಡಿತು. ಉಸಿರು ಕಟ್ಟಿತು. ಹಾಲಿನಲ್ಲಿ ಏನೋ ಚಾವಣಿಗೆ ಮೆತ್ತಗೆ ತಾಗಿತು. ಗಂಡ ಕಿರುಚಿದ.

‘ನೀನು.’

ಒತ್ತಿದಳು.

ಗರ್. ಟಕ್. ಪರದೆ ಕಪ್ಪಾಯಿತು.

ಹಾಲಿನಲ್ಲಿ ಧಪ್ಪೆಂದು ಸದ್ದಾಯಿತು. ಐವತ್ನಾಲ್ಕು ಕಿಲೋದ ಸದ್ದು. ಸೋಫಾದ ಕಾಲು ಮುರಿದ ಸದ್ದು, ನಾದಿನಿ “ಅಮ್ಮಾ, ಸೊಂಟ!” ಎಂದು ಕೂಗಿದ ಸದ್ದು. ಇನ್‌ಸ್ಪೆಕ್ಟರಮ್ಮ ಇಷ್ಟು ಸೊಗಸಾದ ಸದ್ದನ್ನು ಹುಟ್ಟಿದಂದಿನಿಂದ ಕೇಳಿರಲಿಲ್ಲ. ಅಳುತ್ತ, ನಗುತ್ತ ಅಡುಗೆಮನೆಗೆ ಓಡಿ ಒಂದು ಲೋಟ ನೀರು ಹಿಡಿದು ಬಂದಳು.

ನಾದಿನಿ ನೆಲದ ಮೇಲೆ ಸೊಂಟ ಹಿಡಿದು ಕೂತಿದ್ದಳು. ಅತ್ತಿಗೆಯನ್ನು ಕಂಡದ್ದೇ ತೆವಳಿಕೊಂಡು ಅಣ್ಣನ ಬೆನ್ನ ಹಿಂದೆ ಸರಿದಳು.

“ತಗೋ ಪುಟ್ಟಿ. ನೀರು ಕುಡಿ. ಎಲ್ಲ ಮುಗೀತು.”

ನಾದಿನಿ ಲೋಟ ನೋಡಿದಳು, ಅತ್ತಿಗೆಯ ಕೈ ನೋಡಿದಳು. ಮುಟ್ಟಲಿಲ್ಲ. ಗಂಡ ನಿಧಾನವಾಗಿ ತಲೆಯೆತ್ತಿದ. ಇಪ್ಪತ್ತೊಂದು ವರ್ಷ ಒಟ್ಟಿಗೆ ಬಾಳಿದವನ ಕಣ್ಣುಗಳು ಅವಳನ್ನು ಅಳೆಯುತ್ತಿದ್ದವು.

“ಅದರಲ್ಲಿ ಏನು ಹಾಕಿದ್ದೀಯಾ?”

“ಏನೂ ಇಲ್ಲ ರೀ. ಬರೀ ನೀರು.”

ಅವಳು ಅರ್ಧ ಲೋಟ ಗಟಗಟನೆ ತಾನೇ ಕುಡಿದು ತೋರಿಸಿದಳು. ಗಂಡ ಉಳಿದದ್ದನ್ನು ಅವಳ ಕೈಯಿಂದ ತೆಗೆದುಕೊಂಡು ಅಡುಗೆಮನೆಗೆ ಹೋಗಿ ತೊಟ್ಟಿಗೆ ಚೆಲ್ಲಿದ. ಆಮೇಲೆ ಲೋಟವನ್ನು ಸೋಪು ಹಾಕಿ ಎರಡು ಸಲ ತೊಳೆದು, ಬೇರೆ ನೀರು ತುಂಬಿಸಿಕೊಂಡು ಬಂದು ತಂಗಿಗೆ ಕುಡಿಸಿದ.