ಮುಂದೆ ಊದುವವನು

ನನ್ನ ಬೆರಳುಗಳಿಗೆ ನಾನು ಬೈದಷ್ಟು ಯಾರಿಗೂ ಬೈದಿಲ್ಲ. ತಾಳಿಕೋಟೆಯ ಮದುವೆ ಬ್ಯಾಂಡಿನಲ್ಲಿ ನಾನು ಬ್ಯಾಗ್‌ಪೈಪ್ ಊದುತ್ತೇನೆ. ಸಿಂದಗಿಯ ಮದುಮಗನೊಬ್ಬ ಮಿಲಿಟರಿಯವನು; ಸ್ಕಾಟ್ಲೆಂಡಿನ ಒಂದು ಜಿಗ್, ಅಂದರೆ ಕುಣಿತದ ಧಾಟಿ, ಬೇಕೇ ಬೇಕು ಎಂದಿದ್ದ. ಫೋನಿನಲ್ಲಿ ಕೇಳಿ ಕಲಿಯತೊಡಗಿದೆ. ಮೊದಲ ಭಾಗ ಸಲೀಸು. ಎರಡನೆಯದಕ್ಕೆ ಹೊರಳಿದೊಡನೆ ಕಂಕುಳಲ್ಲಿದ್ದ ವಾದ್ಯದ ಗಾಳಿಚೀಲ ತಣ್ಣಗಾಗುತ್ತಿತ್ತು, ಬೆರಳು ಬೇರೆ ಧಾಟಿಗೆ ಹೋಗುತ್ತಿತ್ತು. ಪ್ರತಿಸಲವೂ ಅದೇ ಬೇರೆ ಧಾಟಿ. ಉರಿಬಿಸಿಲಿನ ಮಧ್ಯಾಹ್ನ, ತಗಡಿನ ಶೆಡ್ಡು. ಅಲ್ಲಿ ಏನೂ ತಣ್ಣಗಾಗುವಂತಿರಲಿಲ್ಲ.

ಸಿಟ್ಟಿನಲ್ಲಿ ರೆಕಾರ್ಡ್ ಮಾಡಿ, ನನಗೆ ಈ ವಾದ್ಯ ಕಲಿಸಿದ ಮಾಜಿ ಸೈನಿಕ, ಯಂಕಂಚಿಯ ರೇವಣಪ್ಪ ಕಾಕಾಗೆ ಕಳಿಸಿದೆ. ಅವರು ಫೋನ್ ಮಾಡಿದರು.

“ಅದೂ ಖರೇ ಧಾಟಿನೋ ಸಂಗಮೇಶ, ಈ ಜಿಗ್ಗಿನ ಅಣ್ಣತಮ್ಮ ಇದ್ದಂಗ. ಮುಂದ ಊದಾವ ಅತ್ತ ಹೊಳ್ಳತಾನ, ನೀ ಅವನ ಬೆನ್ನ ಹತ್ತತಿ. ಅವಗ ಹೇಳು.”

“ಕಾಕಾ, ಶೆಡ್ಡಿನ್ಯಾಗ ನಾ ಒಬ್ಬನ ಇದ್ದೇನ್ರಿ!”

“ಇಬ್ಬರು ಊದಿದ್ದು ಕೇಳಸ್ತೈತಿ.”

ರೆಕಾರ್ಡಿಂಗನ್ನು ಮತ್ತೆ ಮತ್ತೆ ಹಾಕಿ ಕೇಳಿದೆ. ನನಗೆ ಕೇಳಿಸಿದ್ದು ನನ್ನದೊಂದೇ.

ಮದುವೆಯ ಹಿಂದಿನ ದಿನ ತಲೆಕೆಟ್ಟು ವಾದ್ಯವನ್ನು ಮಂಚದ ಮೇಲೆ ಎಸೆದೆ. ಮುದುಕರ ಕಿವಿ ಪರೀಕ್ಷಿಸಲೆಂದು ಏನೂ ಊದದೆ, ಬರೀ ಫ್ಯಾನಿನ ಸದ್ದನ್ನು ರೆಕಾರ್ಡ್ ಮಾಡಿ ಕಳಿಸಿದೆ.

ಕಾಕಾ ಖುಷಿಯಲ್ಲಿದ್ದರು. “ಈಗ ಬರೋಬರಿ ಬಂತ ನೋಡು! ನಾಳೆ ನೀ ಸುಮ್ಮ ನಿಂದ್ರು, ಅವ ಊದಲಿ.”

ಊದುವುದು ನಿಲ್ಲಿಸಿದರೆ ಆ ಚೀಲ ಕೂಡಲೇ ಜೋಲುಬೀಳುತ್ತದೆ. ಮಂಚದ ಮೇಲೆ ಅದು ಗಾಳಿ ತುಂಬಿಕೊಂಡು ಬಿಗಿಯಾಗಿತ್ತು.